ಒಯ್ಯದೇ ಬಿಟ್ಟ ರೇಡಿಯೇಟರ್

ಆ ಸೋಮವಾರ ನನ್ನ ಕಾರಿನ ರೇಡಿಯೇಟರಿನಲ್ಲಿದ್ದ ನೀರು ಯಾವುದು ಎಂದು ನನಗೆ ಖಾತ್ರಿಯಿಲ್ಲ. ಸೋಸಿಟ್ಟ ಮಣ್ಣಿನ ಹರವಿಯಿಂದ ಎತ್ತಿ ಹಾಕಿದ್ದು ನೆನಪಿದೆ. ಕಾಲುವೆಗೆ ಡಬ್ಬಿ ಇಳಿಬಿಟ್ಟು ತುಂಬಿಕೊಂಡದ್ದೂ ನೆನಪಿದೆ. ಎರಡರಲ್ಲೂ ಕೈ ನನ್ನದು, ಡಬ್ಬಿ ಅದೇ ಹಳದಿ ಬಣ್ಣದ್ದು. ಯಾವುದು ಯಾವ ದಿನದ್ದು ಎಂದು ಯಾರಾದರೂ ಬಿಡದೆ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಹೆಚ್ಚು ಜನ ಕೇಳಲಿಲ್ಲ, ಹಾಗಾಗಿ ನನಗೆ ಅನುಕೂಲವಾದ ನೆನಪನ್ನೇ ಇಷ್ಟು ವರ್ಷ ಹೇಳುತ್ತ ಬಂದೆ.

ಬಿಡದೆ ಕೇಳಿದವನು ಒಬ್ಬನೇ. ಅವನು ಎರಡು ತಿಂಗಳ ಹಿಂದೆ ಸತ್ತ.

ಹೆಸರು ಇಲ್ಲಿ ಬೇಡ. ಶಹಾಪುರದಲ್ಲಿ ಸುರಪುರ ರಸ್ತೆಯ ಬದಿಗೆ ಹಳೆ ಕಾರು, ಜೀಪು ರಿಪೇರಿ ಮಾಡುತ್ತಿದ್ದ. ಎಲ್ಲರೂ ಮಿಸ್ತ್ರಿ ಅನ್ನುತ್ತಿದ್ದರು. ಸತ್ತವರ ಮೇಲೆ ನಾಲ್ಕು ಒಳ್ಳೆಯ ಮಾತು ಬರೆಯುವುದು ರೂಢಿ ಎಂದು ನನಗೂ ಗೊತ್ತು. ಆದರೆ ನನಗೆ ಅವನು ಸೇರುತ್ತಿರಲಿಲ್ಲ, ಅವನಿಗೆ ನಾನು ಸೇರುತ್ತಿರಲಿಲ್ಲ. ನನ್ನ ನೆನಪುಗಳಲ್ಲಿ ನಾನು ಅನುಮಾನಪಡದೆ ಬರೆಯಬಹುದಾದದ್ದು ಇದೊಂದೇ.

ಕಾಲುವೆ ತೋಡುವ ಕಾಲದಲ್ಲಿ ಯಾವುದೋ ಗುತ್ತಿಗೆದಾರನ ಹಿಂದೆ ರೋಲರ್ ಡ್ರೈವರ್ ಆಗಿ ಬಂದವ. ಕೆಲಸ ಮುಗಿದು ಕ್ಯಾಂಪು ಎದ್ದಾಗ ಉಳಿದವರೆಲ್ಲ ಮುಂದಿನ ಕೆಲಸಕ್ಕೆ ಹೋದರು. ಇವನು ಕ್ಯಾಂಪಿನ ತಗಡುಗಳನ್ನೇ ಕೊಂಡು ಒಂದು ಬೇವಿನ ಮರದ ಕೆಳಗೆ ಶೆಡ್ಡು ಹಾಕಿದ. ಕುಳ್ಳ, ದಪ್ಪ ಮಣಿಕಟ್ಟು. ಎಡಗೈಯ ಮೊಣಕೈವರೆಗೆ ಸುಟ್ಟ ಕಲೆ, ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದದ್ದಕ್ಕೆ. ಕೆಲಸದವರನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಗಾಡಿ ತಂದವರೇ ಅವನ ಕೆಲಸದವರು.

ನಮಸ್ಕಾರಕ್ಕೆ ನಮಸ್ಕಾರ ಇರಲಿಲ್ಲ. ಗಾಡಿ ನಿಂತ ಕೂಡಲೇ ಬಾನೆಟ್ ಎತ್ತುವನು, ಆಯಿಲ್ ಕಡ್ಡಿ ಎಳೆಯುವನು, ಮಾಲೀಕನ ಮುಖದ ಬದಲು ಕಡ್ಡಿ ನೋಡುವನು. ಆಯಿಲ್ ಗೆರೆಗಿಂತ ಕೆಳಗಿದ್ದರೆ ಬಾನೆಟ್ ಧಡ್ಡನೆ ಹಾಕಿಬಿಡುತ್ತಿದ್ದ.

"ಹೋಗ್ರಿ. ಆಯಿಲ್ ಹಾಕ್ಕೊಂಡು ಬರ್ರಿ. ಆಮ್ಯಾಲೆ ಮಾತಾಡೋಣು."

"ಅಲ್ಲ ಮಿಸ್ತ್ರಿ, ನಾ ಬಂದಿದ್ದು ಬ್ರೇಕ್ ಸಲುವಾಗಿ..."

"ಊಟಾ ಹಾಕದವ್ರು ಎತ್ತಿನ ಕೊಂಬು ಸವರಾಕ ಬರಬಾರದ್ರಿ."

ಯಾದಗಿರಿಯ ಒಬ್ಬ ಕಿರಾಣಿ ವ್ಯಾಪಾರಿ ಹಳೆ ಕಾರಿಗೆ ಹೊಸ ಸೀಟು ಕವರ್ ಹೊಲಿಸಿ, ಹೊರಗೆ ಬಣ್ಣ ಹೊಡೆಸಿ ತಂದಿದ್ದ. ಮಿಸ್ತ್ರಿ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಒಳಗೆ ಕೈ ಹಾಕಿದ. "ಸಾವುಕಾರ್ರ, ಒಳಗ ಎಲುಬು ಮುರದಾವು, ಮ್ಯಾಲ ಶಾಲು ಹೊದಿಸಿರಿ. ಸತ್ಕಾರ ಮಾಡಿದ್ರೇನು ಇದಕ್ಕ?" ಸುತ್ತ ನಿಂತ ಜನ ನಕ್ಕರು. ನಾನೂ ನಕ್ಕೆ. ಮುಂದಿನ ಸರದಿ ನನ್ನದೆಂದು ಗೊತ್ತಿರಲಿಲ್ಲ.

ನಾನು ಶಹಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದೆ. ಎರಡು ಕಡೆ ಓದಿ, ಮೂರು ಕಡೆ ಕೆಲಸ ಬಿಟ್ಟು, ಅಲ್ಲಿಗೆ ಬಂದಿದ್ದೆ. ಕಾರು ಕೊಳ್ಳುವ ಆಸೆಯಿಂದ ಕೊಂಡದ್ದಲ್ಲ. ನಮ್ಮೂರು ಮುದನಾಳದಿಂದ ನನ್ನ ಹತ್ತಿರ ಬಂದಿದ್ದ ಅವ್ವನ ಕೊರಳಿನಲ್ಲಿ ಗಡ್ಡೆ ಆಗಿತ್ತು. ಗುಲ್ಬರ್ಗಾದ ಒಂದು ದವಾಖಾನೆಗೆ ಹೈದರಾಬಾದಿನಿಂದ ಒಬ್ಬ ಡಾಕ್ಟರು ಹದಿನೈದು ದಿನಕ್ಕೊಮ್ಮೆ ಸೋಮವಾರ ಬರುತ್ತಿದ್ದರು, ಮಧ್ಯಾಹ್ನ ಎರಡಕ್ಕೆ ಹೊರಟುಬಿಡುತ್ತಿದ್ದರು. ಅವರೆದುರಿಗೇ ಸಲಾಯಿನ್ ಹಚ್ಚಿ ಔಷಧ ಬಿಡಬೇಕು. ಬಸ್ಸಿನ ಕುಲುಕಾಟಕ್ಕೆ ಅವ್ವನ ಕೊರಳು ತಡೆಯುತ್ತಿರಲಿಲ್ಲ. ಕಾಲುವೆಯ ಕೆಲಸ ಮುಗಿಸಿ ಊರು ಬಿಡುತ್ತಿದ್ದ ಗುತ್ತಿಗೆದಾರನೊಬ್ಬ ತನ್ನ ಹಳೆಯ ಅಂಬಾಸಿಡರ್ ಕಾರನ್ನು ಅಗ್ಗಕ್ಕೆ ಬಿಟ್ಟುಕೊಟ್ಟ. ಹದಿನೈದು ದಿನಕ್ಕೊಮ್ಮೆ ಅದು ಮಧ್ಯಾಹ್ನ ಎರಡಕ್ಕೆ ಸಾಕಷ್ಟು ಮೊದಲೇ ಗುಲ್ಬರ್ಗಾ ಮುಟ್ಟಬೇಕು. ನನಗೆ ಅದರಿಂದ ಬೇರೇನೂ ಬೇಕಾಗಿರಲಿಲ್ಲ.

ಇಷ್ಟನ್ನೂ ಮಿಸ್ತ್ರಿಗೆ ಹೇಳಿದೆ. ಮರುಕ ತೋರಿಸಬಹುದೆಂದು ಕಾದೆ. ಅವನು ಕೇಳಿದ್ದು, "ಮುಂಜಾನಿ ಎಷ್ಟಕ್ಕ ಏಳ್ತೀರಿ?"

"ಆರಕ್ಕೆ."

"ಐದೂವರಿಗೆ ಏಳ್ರಿ. ಎಂಜಿನ್ ತಣ್ಣಗಿದ್ದಾಗ ನೀರು, ಆಯಿಲ್ ನೋಡ್ರಿ. ದಿನಾ. ನೋಡಂಗಿಲ್ಲಂದ್ರ ಈಗೇ ಮಾರ್ರಿ."

ಅವನ ನಿಯಮಗಳನ್ನು ನಾನು ದ್ವೇಷಿಸುತ್ತಲೇ ಕಲಿತೆ. ಬೆಲ್ಟು ಹರಿಯುವವರೆಗೆ ಕಾಯಬಾರದು, ಅಂಚಿನಲ್ಲಿ ಎಳೆ ಬಿಟ್ಟಿತೆಂದರೆ ತೆಗೆಯಬೇಕು. ಎರೆಮಣ್ಣಿನ ಧೂಳು ತಿಂದ ಗಾಳಿಜಾಲರಿಯನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆಯಬೇಕು. ಕಾಲುವೆ ಏರಿಯ ಮೇಲೆ ಒಮ್ಮೆ ಓಡಿಸಿದರೆ ಮರುದಿನ ಕೆಳಗಿನ ಬೋಲ್ಟುಗಳಿಗೆಲ್ಲ ಪಾನಾ ಹಾಕಿ ನೋಡಬೇಕು. ಇದನ್ನೆಲ್ಲ ಮಾಲೀಕನೇ ಮಾಡಬೇಕು. ಒಂದು ದಿನ ಕಾಲೇಜಿಗೆ ಹೊರಟವನನ್ನು ಬಿಳಿ ಅಂಗಿಯಲ್ಲೇ ಗಾಡಿಯ ಕೆಳಗೆ ಮಲಗಿಸಿದ. ಗ್ರೀಸು ಕೊರಳಪಟ್ಟಿಗೆ ಮೆತ್ತಿತು. ಹಾಗೇ ತರಗತಿಗೆ ಹೋದೆ. ಹುಡುಗರು ಆ ಇಡೀ ಪಾಠ ನನ್ನ ಕೊರಳನ್ನೇ ನೋಡಿದರು.

"ಇದು ನಿನ್ನ ಕೆಲಸ ಅಲ್ಲೇನು ಮಿಸ್ತ್ರಿ?" ಎಂದೆ ಸಂಜೆ ಬಂದು.

"ಗಾಡಿ ನಿಂದ್ರೋದು ರಸ್ತಾದಾಗ. ನಾ ಇರೋದು ಶೆಡ್ಡಿನ್ಯಾಗ. ರಸ್ತಾದಾಗ ಯಾರಿರ್ತಾರ, ಹೇಳ್ರಿ?"

ಅವನ ಜೊತೆ ಇದೇ ಕಷ್ಟ. ಮಾತು ಸರಿ ಇರುತ್ತಿತ್ತು, ಹೇಳುವ ರೀತಿಗೆ ಕೈ ಎತ್ತಬೇಕು ಅನಿಸುತ್ತಿತ್ತು. ಒಮ್ಮೆ ನೀರು ಕುದಿಯುವುದಕ್ಕೂ ಒತ್ತಡಕ್ಕೂ ಇರುವ ಸಂಬಂಧವನ್ನು ಅವನಿಗೆ ವಿವರಿಸಲು ಹೋದೆ. ರೇಡಿಯೇಟರಿನ ಮುಚ್ಚಳ ಯಾಕೆ ಹಾಗೆ ಬಿಗಿಯಾಗಿರುತ್ತದೆ ಎಂದು. ಪೂರ್ತಿ ಕೇಳಿದ. ಕೈ ಒರೆಸಿಕೊಂಡ.

"ನಿಮ್ಮ ಪುಸ್ತಕದಾಗ ನೀರು ನೂರಕ್ಕ ಕುದೀತದ. ನಮ್ಮ ಗಾಡ್ಯಾಗ ಮಾಲಕನ ಅಕಲ್ ಖಾಲಿ ಆದಾಗ ಕುದೀತದ, ಸರ."

ಕಾರು ಬಂದ ವಾರವೇ ಅದರ ರೇಡಿಯೇಟರ್ ಇಳಿಸಿದ. ಮೇಲಿನ ತೊಟ್ಟಿ, ಕೆಳಗಿನ ತೊಟ್ಟಿ ಎರಡನ್ನೂ ಬೆಸುಗೆ ಬಿಡಿಸಿ ತೆಗೆದ. ನಡುವಿನ ಸಣ್ಣ ಕೊಳವೆಗಳಲ್ಲಿ ಒಂದೊಂದರಲ್ಲೂ ತೆಳು ಪಟ್ಟಿ ಆಡಿಸಿ ಗುತ್ತಿಗೆದಾರನ ಕಾಲದ ಕೆಸರು, ಉಪ್ಪು ಎಲ್ಲ ಕೆರೆದ. ಆಮೇಲೆ ಅದನ್ನು ಆಕಾಶಕ್ಕೆ ಹಿಡಿದು, "ಬರ್ರಿ, ನೋಡ್ರಿ. ಎಲ್ಲಾದರಾಗೂ ಬೆಳಕು ಬಂತೇನು?" ಎಂದ. ನೋಡಿದೆ. ಜೇನುಗೂಡಿನ ಹಾಗೆ ಎಲ್ಲ ತೂತಿನಲ್ಲೂ ಬಿಳಿ ಬೆಳಕು. "ಬಂತು" ಎಂದೆ. "ನೀವೇ ನೋಡೀರಿ. ನಾಳಿ ನಾ ನೋಡಿಲ್ಲ ಅನಬ್ಯಾಡ್ರಿ." ಬೆಸುಗೆ ಹಾಕಿ ಕೂಡಿಸಿದ.

ಆಮೇಲೆ ನೀರಿನ ಮಾತು ಬಂತು. ಬೇವಿನ ಮರದ ಕೆಳಗೆ ಮೂರು ದೊಡ್ಡ ಮಣ್ಣಿನ ಹರವಿ ಹೂಳಿದ್ದ. ನಮ್ಮ ಕಡೆ ಬಾವಿಯ ನೀರು ಸವಳು, ಕುದಿಸಿದ ಪಾತ್ರೆಯಲ್ಲಿ ಸುಣ್ಣ ಕಟ್ಟುವಂಥದು. ಕಾಲುವೆ ಬಂದಾಗ ಜನ ಅದರ ಸಿಹಿ ನೀರು ನೋಡಿ ಹಿಗ್ಗಿದರು. ಎಲ್ಲದಕ್ಕೂ ಅದೇ ನೀರು. ಲಾರಿ, ಜೀಪು, ಟ್ರ್ಯಾಕ್ಟರುಗಳವರು ಕಾಲುವೆ ಸೇತುವೆಯ ಮೇಲೆ ನಿಂತು ಹಗ್ಗಕ್ಕೆ ಡಬ್ಬಿ ಕಟ್ಟಿ ಇಳಿಬಿಟ್ಟು, ಬಂದದ್ದನ್ನು ನೇರ ರೇಡಿಯೇಟರಿಗೆ ಸುರಿಯುತ್ತಿದ್ದರು. ಬಾಯಿಗೆ ಸಿಹಿಯಾದದ್ದು ಗಾಡಿಗೂ ಒಳ್ಳೆಯದೆಂದು ನಂಬಿದ್ದರು. ಮಿಸ್ತ್ರಿ ಮಾತ್ರ ಆ ನೀರನ್ನು ನಾಲ್ಕು ಮಡಿಕೆಯ ಧೋತರದಲ್ಲಿ ಸೋಸಿ ಹರವಿಗೆ ತುಂಬುವನು, ಮೂರು ದಿನ ಅಲುಗಿಸದೆ ಬಿಡುವನು, ಮೇಲಿನ ತಿಳಿಯನ್ನಷ್ಟೇ ತಂಬಿಗೆಯಿಂದ ಎತ್ತುವನು. ಚಹಾದ ಅಂಗಡಿಯವರು ಗೇಲಿ ಮಾಡುತ್ತಿದ್ದರು. "ಮಿಸ್ತ್ರಿ ಗಾಡಿಗೆ ತೀರ್ಥ ಕುಡಸಾಕತ್ತಾನ ನೋಡ್ರೋ!" "ಕುಡಸ್ತೀನಿ. ನೀವು ಕುಡ್ಯೋ ಚಾಕ್ಕಿಂತ ಇದು ಸ್ವಚ್ಛ ಅದ" ಎನ್ನುತ್ತಿದ್ದ. ನಾನೂ ಮನೆಯಲ್ಲಿ ಒಂದು ಹರವಿ ಇಡಬೇಕಾಯಿತು. ಅದಕ್ಕೆ ಧೋತರ ಕಟ್ಟಿಕೊಟ್ಟದ್ದು ಅವ್ವ.

ಅವ್ವನ ಜೊತೆ ಮಾತ್ರ ಅವನು ಮನುಷ್ಯರ ಹಾಗೆ ಮಾತಾಡುತ್ತಿದ್ದ. ಇದೂ ನನಗೆ ಸೇರುತ್ತಿರಲಿಲ್ಲ. "ಯವ್ವಾ, ನಿನ್ನ ಮಗ ಭಾಳ ಓದ್ಯಾನ. ಹೇಳಿದ್ದು ಕೇಳೋದೊಂದು ಓದಿಲ್ಲ." ಅವ್ವ ಸೆರಗಿನಿಂದ ಕೊರಳು ಮುಚ್ಚಿಕೊಂಡು ನಗುತ್ತಿದ್ದಳು. "ಸಣ್ಣಾವ ಇದ್ದಾಗಿಂದ ಹಿಂಗೇ ಇದ್ದಾನ ಯಪ್ಪಾ. ನೀನಾರ ಹೇಳು."

ಇನ್ನೊಂದು ಪದ್ಧತಿ ಅವನಿಗಿತ್ತು. ಗಾಡಿಯಿಂದ ತೆಗೆದ ಹಳೆ ಭಾಗವನ್ನು, ಅದು ಸವೆದ ವಾಷರ್ ಆದರೂ ಸರಿ, ಮಾಲೀಕನ ಕೈಗೇ ಕೊಡುತ್ತಿದ್ದ. ಒಯ್ಯದಿದ್ದರೆ ಗಾಡಿಯ ನಂಬರನ್ನು ಬಿಳಿ ಬಣ್ಣದಲ್ಲಿ ಬರೆದು ಶೆಡ್ಡಿನ ತಗಡಿಗೆ ತೂಗುಹಾಕುತ್ತಿದ್ದ. ಚಲೋ ಸಾಮಾನು ತೆಗೆದು ಕೆಟ್ಟದ್ದು ಹಾಕಿದ ಎಂಬ ಮಾತು ಬರಬಾರದು ಎಂದು. ಒಳಗೆ ಹೋದರೆ ನಾಲ್ಕೂ ಕಡೆ ನಂಬರು ಬರೆದ ಕಬ್ಬಿಣ ತೂಗಾಡುತ್ತಿತ್ತು.

ಆ ಸೋಮವಾರಕ್ಕೆ ಬರುತ್ತೇನೆ. ಆರೋ ಏಳೋ ಸಲ ಗಾಡಿ ಸಲೀಸಾಗಿ ಗುಲ್ಬರ್ಗಾ ಮುಟ್ಟಿತ್ತು. ಈ ಸಲ ಜೇವರ್ಗಿ ಇನ್ನೂ ದೂರವಿರುವಾಗಲೇ ಬಾನೆಟ್ಟಿನ ಕೆಳಗೆ ಢಪ್ ಎಂದು ಸದ್ದಾಯಿತು, ಎದುರಿನ ಗಾಜು ಪೂರ್ತಿ ಹಬೆ. ಇಳಿದು ನೋಡಿದರೆ ರೇಡಿಯೇಟರಿನ ಮೇಲಿನ ರಬ್ಬರ್ ಪೈಪು ಕಿತ್ತುಬಂದು ಪಕ್ಕಕ್ಕೆ ಬಿದ್ದಿದೆ. ಹಾದುಹೋಗುವ ಲಾರಿಯವನೊಬ್ಬ ಇಣುಕಿದ. "ಕ್ಲಿಪ್ ಬರೋಬರಿ ಬಿಗದಿಲ್ರಿ ಯಾರೋ" ಎಂದು ಹೇಳಿ ಹೋದ. ನನಗೆ ಅಷ್ಟು ಸಾಕಾಯಿತು. ಹತ್ತು ದಿನದ ಹಿಂದೆ ಆ ಪೈಪು ಬಿಚ್ಚಿ ಹಾಕಿದವನು ಮಿಸ್ತ್ರಿ. ಅವ್ವ ಜಾಲಿಯ ನೆರಳಿನಲ್ಲಿ ಕೂತಿದ್ದಳು. ಬಸ್ಸುಗಳು ತುಂಬಿ ಬಂದವು, ನಿಲ್ಲಲಿಲ್ಲ. ಮಧ್ಯಾಹ್ನದ ಎರಡು ಅಲ್ಲೇ ಹೊಡೆಯಿತು. ಅವ್ವ ನನ್ನ ಕೈಗಡಿಯಾರ ನೋಡಿದಳು. ಭತ್ತದ ಟ್ರ್ಯಾಕ್ಟರಿನವನೊಬ್ಬ ಹಗ್ಗ ಕಟ್ಟಿ ನಮ್ಮನ್ನು ಶಹಾಪುರಕ್ಕೆ ಎಳೆದು ತಂದ. ಕಾರನ್ನು ಶೆಡ್ಡಿನ ಮುಂದೆ ಬಿಟ್ಟು ಅವ್ವನನ್ನು ಮನೆಗೆ ಕರೆದೊಯ್ದೆ.

ಮರುದಿನ ಮುಂಜಾನೆ ಹೋದೆ. ರೇಡಿಯೇಟರ್ ಇಳಿಸಿಟ್ಟಿದ್ದ, ಬೇರೆ ಯಾವುದೋ ಗಾಡಿಯದನ್ನು ಕೂಡಿಸಿ ಮುಗಿಸುತ್ತಿದ್ದ. ಚಹಾದ ಅಂಗಡಿಯ ಮುಂದಿದ್ದವರೆಲ್ಲ ಕೇಳುವಂತೆ ಕೂಗಿದೆ.

"ಕ್ಲಿಪ್ ಬಿಗಿಯಲಿಕ್ಕೆ ಬರಲ್ಲೇನು ನಿನಗೆ? ನಮ್ಮವ್ವನ ಪಾಳಿ ತಪ್ಪಿಸಿದೆ. ನಾಳೆ ಆಕೆಗೆ ಏನಾದರೂ ಆದರೆ ನಿನ್ನ ಕೈಯಿಂದ ಆದದ್ದು."

ಪಾನಾ ಕೆಳಗಿಟ್ಟ. "ನೀರು ಯಾವುದು ಹಾಕಿದ್ರಿ?"

"ಮಾತು ತಿರುಗಿಸಬೇಡ."

"ತಿರುಗಸಾಕತ್ತಿಲ್ಲ. ಕುದ್ದು ಪೈಪ್ ಹಾರೇದ, ಪೈಪ್ ಹಾರಿ ಕುದ್ದಿಲ್ಲ. ನೀರು ಯಾವುದು?"

"ಹರವಿದು."

"ಖರೇ?"

"ಖರೇ ಅಂದ್ರ ಖರೇ."

ಮಿಸ್ತ್ರಿ ಬಹುವಚನ ಬಿಟ್ಟ. "ನಿನ್ನ ಸಾಮಾನು ಅಲ್ಲೇ ಅದ. ನೋಡು, ಒಯ್ಯಿ."

ಗೋಡೆಗೆ ಒರಗಿಸಿದ ರೇಡಿಯೇಟರಿನ ಕಡೆ ನಾನು ತಿರುಗಲಿಲ್ಲ. "ನಿನ್ನ ಗುಜರಿ ನನಗ್ಯಾಕ?" ಎಂದು ಗಾಡಿ ತೆಗೆದುಕೊಂಡು ಬಂದೆ. ನೋಡದೆ ತೀರ್ಮಾನ ಬರೆಯುವ ಹುಡುಗರ ಪ್ರಯೋಗದ ಪುಸ್ತಕವನ್ನು ಅದೇ ವಾರ ನಾನು ಗೀಚಿ ಹಿಂದಕ್ಕೆ ಕೊಟ್ಟಿದ್ದೆ.

ಮುಂದಿನ ಪಾಳಿಗಳಿಗೆ ಗಾಡಿ ಸರಿಯಾಗಿ ಹೋಯಿತು. ಅವ್ವ ನಾಲ್ಕು ತಿಂಗಳಿಗೆ ತೀರಿಕೊಂಡಳು. ಒಂದು ಪಾಳಿ ತಪ್ಪಿದ್ದರಿಂದ ಹೆಚ್ಚುಕಡಿಮೆ ಏನೂ ಆಗಲಿಲ್ಲ, ಗಡ್ಡೆಯೇ ಅಂಥದು ಎಂದು ಡಾಕ್ಟರು ಹೇಳಿದರು. ಅವರು ಸಮಾಧಾನಕ್ಕೆ ಹೇಳಿದರೆಂದು ತಿಳಿದೆ. ಸ್ಟಾಫ್ ರೂಮಿನಲ್ಲಿ, ನೆಂಟರ ಮನೆಯಲ್ಲಿ, ತಿಥಿಗೆ ಬಂದವರ ಮುಂದೆ, ಎಲ್ಲ ಕಡೆ ಹೇಳಿದೆ: ಒಂದು ಕ್ಲಿಪ್ ಬಿಗಿಯದ ಮಿಸ್ತ್ರಿಯ ಕೈಯಿಂದ ನಮ್ಮವ್ವ ಹೋದಳು. ಓದಿದವನ ಮಾತು, ತಾಯಿ ಕಳೆದುಕೊಂಡವನ ಮಾತು. ನಂಬದೆ ಏನು ಮಾಡುತ್ತಾರೆ? ಕಾಲೇಜಿನವರ ಗಾಡಿಗಳು ಮೊದಲು ಅವನ ಹತ್ತಿರ ಬರುವುದು ಬಿಟ್ಟವು. ಆಮೇಲೆ ಕಚೇರಿಗಳವು. ಎರಡು ವರ್ಷದಲ್ಲಿ ಶೆಡ್ಡಿನ ಮುಂದೆ ಹೆಚ್ಚಾಗಿ ಭತ್ತದ ಗದ್ದೆಯ ಟ್ರ್ಯಾಕ್ಟರುಗಳೇ ನಿಲ್ಲುತ್ತಿದ್ದವು. ಆಮೇಲೆ ಪಂಕ್ಚರ್ ಹಾಕಲು ಶುರುಮಾಡಿದ. ನನಗೆ ಒಳಗೊಳಗೆ ಖುಷಿಯಾಗಿತ್ತು. ಇದನ್ನು ಬಚ್ಚಿಟ್ಟರೆ ಇಡೀ ಬರಹ ಸುಳ್ಳಾಗುತ್ತದೆ.

ಕಾರನ್ನು ಸಗರದ ಒಬ್ಬ ರೈತನಿಗೆ ಮಾರಿದೆ. ಅವನು ರಿಪೇರಿಗೆ ಮಿಸ್ತ್ರಿಯ ಹತ್ತಿರ ಹೋಗುವುದು ಬಿಡಲಿಲ್ಲ. ಕಾರು ಇನ್ನೂ ಹತ್ತು ಹನ್ನೆರಡು ವರ್ಷ ಓಡಿತು. ಎದುರಿಗೆ ಬಂದಾಗಲೆಲ್ಲ ನಾನು ರಸ್ತೆಯ ಆ ಬದಿಗೆ ಹೋಗುತ್ತಿದ್ದೆ.

ಮಿಸ್ತ್ರಿಯ ಶೆಡ್ಡಿನ ಮುಂದೆ ಹಾಯುವುದು ಮಾತ್ರ ತಪ್ಪುತ್ತಿರಲಿಲ್ಲ. ಅವನು ಟಯರು ಹಿಡಿದು ಕೂತಲ್ಲಿಂದಲೇ ಕೂಗುತ್ತಿದ್ದ. ಬಹುವಚನ ಮತ್ತೆ ಬಂದಿತ್ತು. "ಸರ, ನಿಮ್ಮ ಸಾಮಾನು ಒಯ್ರಿ." ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ. ಬೈಯಲಿಲ್ಲ, ಬೇರೆ ಮಾತು ಸೇರಿಸಲಿಲ್ಲ. ನಾನು ಯಾದಗಿರಿಗೆ ವರ್ಗವಾಗಿ ಹೋಗುವವರೆಗೂ ಅದೇ ನಾಲ್ಕು ಶಬ್ದ. ಊರವರ ಮುಂದೆ ಆ ರೇಡಿಯೇಟರ್ ಬಿಚ್ಚಿ ತೋರಿಸಿದ್ದರೆ ಒಂದೇ ದಿನಕ್ಕೆ ಮುಗಿಯುತ್ತಿತ್ತು. ಯಾಕೆ ತೋರಿಸಲಿಲ್ಲವೋ ಗೊತ್ತಿಲ್ಲ. ಅವ್ವನ ಮೇಲಿನ ಗೌರವಕ್ಕೆ ಎಂದು ಬರೆದರೆ ಚಂದ ಕಾಣುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ನಾನೇ ಬಂದು ನೋಡಬೇಕು, ನನ್ನ ಕೈಯೇ ಹೊಲಸಾಗಬೇಕು ಎಂಬ ಹಟ ಅದು. ಕೆಟ್ಟ ಹಟ. ತನ್ನ ಅನ್ನ ಹೋದರೂ ಬಿಡಲಿಲ್ಲ.

ಅವ್ವನ ಬಗ್ಗೆ ಬರೆದೆ, ಆದ್ದರಿಂದ ಕಾಲುವೆಯ ಆ ಇನ್ನೊಂದು ನೆನಪನ್ನೂ ಬರೆಯಬೇಕು. ಸುರಪುರದಲ್ಲಿ ಅವ್ವನ ತಂಗಿಯ ಮನೆಯಿದೆ. ಒಂದು ಭಾನುವಾರ ಅಲ್ಲಿಂದ ಬರುವಾಗ ಶಾಖದ ಮುಳ್ಳು ಏರುತ್ತಿತ್ತು. ಹತ್ತಿಗೂಡೂರಿನ ಹತ್ತಿರ ಕಾಲುವೆ ಸೇತುವೆಯ ಮೇಲೆ ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಡಬ್ಬಿ ಇಳಿಬಿಟ್ಟೆ. ಹರವಿಯ ನೀರು ತರಲು ಮರೆತಿದ್ದೆ. ಅವ್ವ ಕಿಟಕಿಯಿಂದ ಕೇಳಿದಳು, "ಸೋಸಿದಿಯೇನೋ?" ನಾನು ಹ್ಞೂಂ ಎಂದೆ. ಅದು ಆ ಸೋಮವಾರದ ಹಿಂದಿನ ಭಾನುವಾರವೋ, ಬೇರೆ ಯಾವುದೋ? ಅಥವಾ ಮಿಸ್ತ್ರಿ "ಖರೇ?" ಎಂದು ಕೇಳಿದ ಮೇಲೆ ನನ್ನ ತಲೆಯೇ ಕಟ್ಟಿಕೊಂಡದ್ದೋ? ಅವ್ವನನ್ನು ಕೇಳಬಹುದಿತ್ತು. ಅವಳಿದ್ದ ನಾಲ್ಕು ತಿಂಗಳು ಕೇಳಲಿಲ್ಲ.

ಮಿಸ್ತ್ರಿ ಸತ್ತ ಮೇಲೆ ಹಳೆಯ ಸಹೋದ್ಯೋಗಿಯೊಬ್ಬರು ಫೋನು ಮಾಡಿದರು. ರಸ್ತೆ ಅಗಲ ಮಾಡುತ್ತಾರೆ, ಶೆಡ್ಡು ಹೋಗುತ್ತದೆ, ಅವನ ಹೆಂಡತಿ ನಿಮ್ಮನ್ನು ಕರೆಯುತ್ತಿದ್ದಾಳೆ ಎಂದರು. ಯಾದಗಿರಿಯಿಂದ ಬಸ್ಸಿಗೆ ಹೋದೆ. ಗುಜರಿಯವನ ಗಾಡಿ ಆಗಲೇ ಬಂದು ತಗಡು ತುಂಬುತ್ತಿತ್ತು. ಆಕೆ ಬೇವಿನ ಮರದ ಕೆಳಗೆ ನಿಂತಿದ್ದಳು. ಕೂತ್ಕೋರಿ ಎನ್ನಲಿಲ್ಲ.

"ಊರೆಲ್ಲಾ ತಿರುಗಿ ನಮ್ಮವರ ಹೆಸರು ಕೆಡಿಸಿದವ್ರು ನೀವಲ್ರಿ?"

"ಹೌದವ್ವ."

"ಗುಜರಿಯಾವ ಎಲ್ಲಾ ತೂಕಕ್ಕ ತೊಗೊಂಡ. ಇದೊಂದು ಕೊಡಬ್ಯಾಡಂದಾರ ನಮ್ಮವರು. ಸಾಯೋ ಹೊತ್ತಿನ್ಯಾಗೂ ಅಂದಾರ. ಆ ಸರಂದು ಅದ, ಅವರೇ ಒಯ್ಯಬೇಕು ಅಂತ." ಕಾಲಿನಿಂದ ಅದನ್ನು ನನ್ನ ಕಡೆ ದೂಡಿದಳು. "ಒಯ್ರಿ. ಮತ್ತ ಈ ಕಡಿ ಬರಬ್ಯಾಡ್ರಿ."

ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಕಾಲ ಬುಡಕ್ಕೆ ಇಟ್ಟುಕೊಂಡು ತಂದೆ. ಮರುದಿನ ಬೆಳಗ್ಗೆ ಅಂಗಳದಲ್ಲಿ ಹಳೆ ಪೇಪರು ಹಾಸಿ ಬಿಚ್ಚಿದೆ. ಬಿಳಿ ಬಣ್ಣದ ನಂಬರು ಮಾಸಿತ್ತು, ಆದರೂ ನನ್ನ ಗಾಡಿಯದೇ. ಎರಡೂ ತೊಟ್ಟಿಗಳ ಬೆಸುಗೆಯನ್ನು ಅವನು ಆಗಲೇ ಬಿಡಿಸಿ, ಮತ್ತೆ ತಂತಿಯಿಂದ ಕಟ್ಟಿ ಇಟ್ಟಿದ್ದ. ತಂತಿ ಬಿಚ್ಚಿದೆ. ನಡುವಿನ ಭಾಗವನ್ನು ಅವನು ಹಿಡಿದಂತೆ ಆಕಾಶಕ್ಕೆ ಹಿಡಿದೆ. ನಾಲ್ಕೈದು ತೂತಿನಲ್ಲಿ ಬೆಳಕಿತ್ತು, ಉಳಿದವು ಬೂದುಮಣ್ಣಿನಿಂದ ಮುಚ್ಚಿದ್ದವು. ಒಂದು ಡಬ್ಬಿ ನೀರಿನಲ್ಲಿ ಬರುವಷ್ಟು ಮಣ್ಣಲ್ಲ ಅದು. ಮೇಲಿನ ತೊಟ್ಟಿಯನ್ನು ಪೇಪರಿನ ಮೇಲೆ ಮಗುಚಿ ತಟ್ಟಿದೆ. ಮಣ್ಣಿನ ಜೊತೆ ಬಸವನಹುಳುವಿನ ಚಿಪ್ಪುಗಳು ಬಿದ್ದವು, ಕಾಲುವೆಯ ಕಲ್ಲಿಗೆ ಅಂಟಿಕೊಂಡಿರುವಂಥವು. ಎಣಿಸಿದೆ, ಹನ್ನೊಂದು. ಕೆಲವು ಬಟಾಣಿಯಷ್ಟು, ಕೆಲವು ಸಾಸಿವೆಗಿಂತ ಸ್ವಲ್ಪ ದೊಡ್ಡವು.

ಆದರೂ ಸುಮ್ಮನಿರಲಾಗಲಿಲ್ಲ. ಸಣ್ಣವು ಬಟ್ಟೆಯಿಂದ ನುಸುಳಿರಬಹುದಲ್ಲ ಎಂದು ತಲೆ ಕೊನೆಯ ಸಲ ವಾದಕ್ಕೆ ನಿಂತಿತು. ಪೆಟ್ಟಿಗೆಯಿಂದ ಒಂದು ಹಳೆ ಧೋತರ ತೆಗೆದು, ಅವ್ವ ಮಾಡುತ್ತಿದ್ದಂತೆ ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿದೆ. ಹನ್ನೊಂದರಲ್ಲಿ ಅತಿ ಸಣ್ಣ ಚಿಪ್ಪನ್ನು ತಂಬಿಗೆ ನೀರಿನಲ್ಲಿ ಹಾಕಿ, ಬಟ್ಟೆಯ ಮೇಲೆ ಸುರಿದೆ. ಮೂರು ಸಲ ಸುರಿದೆ. ಮೂರು ಸಲವೂ ನೀರು ಕೊಡಕ್ಕೆ ಇಳಿಯಿತು, ಚಿಪ್ಪು ಬಟ್ಟೆಯ ಮೇಲೆ ಉಳಿಯಿತು.